ಏಳು ಸುತ್ತು, ಏಳು ಸೂತ್ರ

ವಾಸ್ತುಶಿಲ್ಪ ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರ ಕಿವಿಗೆ ಪ್ರತಿ ಸೆಮಿಸ್ಟರಿನ ಕೊನೆಯಲ್ಲಿ ತಪ್ಪದೆ ಬೀಳುವ ಒಂದು ಮಾತಿದೆ: 'ರ‍್ಯಾಂಪ್ ಹಾಕಿದ್ದೀನಿ ಸಾರ್.' ವಿದ್ಯಾರ್ಥಿಯೊಬ್ಬ ಗೋಡೆಗೆ ನಕ್ಷೆಗಳನ್ನು ಅಂಟಿಸಿ, ತಾನು ರೂಪಿಸಿದ ಆಸ್ಪತ್ರೆಯ ಎತ್ತರದ ಮುಂಭಾಗ, ಅಗಲವಾದ ಮೆಟ್ಟಿಲಸಾಲು, ಗಾಜಿನ ಗೋಡೆ ಎಲ್ಲವನ್ನೂ ಉತ್ಸಾಹದಿಂದ ವಿವರಿಸುತ್ತಾನೆ. ಆಮೇಲೆ ಪರೀಕ್ಷಕರು, 'ನಡೆಯಲಾಗದವರು ಒಳಗೆ ಹೇಗಪ್ಪಾ ಬರ್ತಾರೆ?' ಎಂದು ಕೇಳಿದಾಗ ಸಿಗುವ ಉತ್ತರ ಅದು. ಹುಡುಕಿ ನೋಡಿದರೆ ನಕ್ಷೆಯ ಹಿಂಬದಿಯಲ್ಲಿ, ಜನರೇಟರ್ ಕೋಣೆಯ ಪಕ್ಕದಲ್ಲಿ ಎರಡು ಗೆರೆ ಮತ್ತು ಒಂದು ಬಾಣದ ಗುರುತು ಕಾಣುತ್ತದೆ. ಹಿಂದಿನ ರಾತ್ರಿ ನೆನಪಾಗಿ ಎಳೆದ ಗೆರೆಗಳು.

ಆ ಗೆರೆಗಳಲ್ಲಿ ತಪ್ಪು ಹುಡುಕುವುದು ಸುಲಭ. ಇಳಿಜಾರು ತೀರಾ ಕಡಿದಾಗಿದೆ, ಅಗಲ ಸಾಲದು, ಮೇಲೆ ತಲುಪಿದ ಮೇಲೆ ಗಾಲಿಕುರ್ಚಿ ತಿರುಗಿಸಲು ಜಾಗವಿಲ್ಲ ಎಂದು ಅಂಕ ಕಳೆದು ಕೈತೊಳೆದುಕೊಳ್ಳಬಹುದು. ಆದರೆ ಮುಖ್ಯವಾದ ಪ್ರಶ್ನೆ ಅದಲ್ಲ. ಮುಂಭಾಗದ ಆ ದೊಡ್ಡ ಬಾಗಿಲನ್ನು ಬರೆಯುವಾಗ ಅದರಿಂದ ಒಳಗೆ ಬರುತ್ತಿರುವವರೆಂದು ಈ ಹುಡುಗ ಯಾರನ್ನು ಕಲ್ಪಿಸಿಕೊಂಡಿದ್ದ? ಕೇಳಿದರೆ ಅವನಿಗೇ ಗೊತ್ತಿರುವುದಿಲ್ಲ. ಇಪ್ಪತ್ತೆರಡು ವಯಸ್ಸಿನ, ಕಾಲು ಗಟ್ಟಿಯಿರುವ, ಕಣ್ಣು ಕಿವಿ ಚುರುಕಾಗಿರುವ, ಕೈಯಲ್ಲಿ ಚೀಲವಿಲ್ಲದ, ಕಂಕುಳಲ್ಲಿ ಮಗುವಿಲ್ಲದ ಒಬ್ಬ ಮನುಷ್ಯ. ಅಂದರೆ ಅವನೇ. ಉಳಿದವರೆಲ್ಲ ಆಮೇಲೆ ನೆನಪಾದವರು. ಆಮೇಲೆ ನೆನಪಾದವರಿಗೆ ಕಟ್ಟಡದಲ್ಲಿ ಸಿಗುವುದು ಹಿಂಬಾಗಿಲು.

ಈ ಪ್ರಶ್ನೆಯನ್ನು ತಮ್ಮ ಬದುಕಿನಿಂದಲೇ ಎತ್ತಿದವರು ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ (1941-1998). ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಗಾಲಿಕುರ್ಚಿ ಹಿಡಿದವರು. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದುವಾಗ ತರಗತಿಗೆ ಹೋಗಬೇಕೆಂದರೆ ಯಾರಾದರೂ ಅವರನ್ನು ಮೆಟ್ಟಿಲ ಮೇಲೆ ಹೊತ್ತೊಯ್ಯಬೇಕಿತ್ತು. 'ಯೂನಿವರ್ಸಲ್ ಡಿಸೈನ್' ಎಂಬ ಹೆಸರನ್ನು ಬಳಕೆಗೆ ತಂದವರು ಅವರೇ. ಕನ್ನಡದಲ್ಲಿ ಸಾರ್ವತ್ರಿಕ ವಿನ್ಯಾಸ ಎನ್ನೋಣ. ಅಂಗವಿಕಲರಿಗೆಂದು ಬೇರೆಯಾಗಿ ಏನನ್ನೋ ಕಟ್ಟಿ ಅಂಟಿಸುವುದಲ್ಲ. ಕಟ್ಟುವ ಕಟ್ಟಡವನ್ನೇ, ಮಾಡುವ ವಸ್ತುವನ್ನೇ ಸಾಧ್ಯವಾದಷ್ಟು ಎಲ್ಲರೂ ಒಂದೇ ರೀತಿಯಲ್ಲಿ ಬಳಸುವಂತೆ ಮೊದಲಿನಿಂದಲೇ ರೂಪಿಸುವುದು. ಅದೇ ವಿಶ್ವವಿದ್ಯಾಲಯದಲ್ಲಿ ಮೇಸ್ 1989ರಲ್ಲಿ ಒಂದು ಕೇಂದ್ರ ಸ್ಥಾಪಿಸಿದರು. ಅವರು ಮತ್ತು ಸಂಗಡಿಗರು 1997ರಲ್ಲಿ ಏಳು ಸೂತ್ರಗಳನ್ನು ಪ್ರಕಟಿಸಿದರು. ಇವತ್ತು ಜಗತ್ತಿನ ಯಾವ ಮೂಲೆಯ ವಾಸ್ತುಶಿಲ್ಪ ತರಗತಿಗೆ ಹೋದರೂ ಈ ಏಳು ಸೂತ್ರಗಳು ಪಾಠದಲ್ಲಿರುತ್ತವೆ.

ನಮ್ಮ ದೇಶದಲ್ಲೂ ಕಾಗದದ ಮೇಲೆ ಕೊರತೆಯಿಲ್ಲ. 1995ರ ಅಂಗವಿಕಲರ ಕಾಯಿದೆಯ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸಾರ್ವತ್ರಿಕ ವಿನ್ಯಾಸದ ವ್ಯಾಖ್ಯೆಯೇ ಇದೆ. ಅದೇ ಕಾಯಿದೆಯ 47ನೇ ಕಲಮು ಶಿಕ್ಷಕರು, ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು, ಇಂಜಿನಿಯರುಗಳ ಜೊತೆಗೆ ವಾಸ್ತುಶಿಲ್ಪಿಗಳ ಓದಿನಲ್ಲೂ ಅಂಗವೈಕಲ್ಯದ ವಿಷಯ ಸೇರಬೇಕು ಎನ್ನುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 2011ರಲ್ಲಿ ರೂಪುಗೊಂಡ ಭಾರತೀಯ ಸೂತ್ರಗಳು ಐದು: ಸಮಾನ, ಸಹಜ, ಸಾಂಸ್ಕೃತಿಕ, ಸಸ್ತಾ, ಸುಂದರ. ಇದನ್ನೆಲ್ಲ ನಾವು ಹಲಗೆಯ ಮೇಲೆ ಬರೆಯುತ್ತೇವೆ, ಮಕ್ಕಳು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಏಳಕ್ಕೆ ಏಳೂ ಬರೆಯುತ್ತಾರೆ. ಮತ್ತೆ ನಕ್ಷೆಯಲ್ಲಿ ರ‍್ಯಾಂಪು ಜನರೇಟರ್ ಕೋಣೆಯ ಪಕ್ಕದಲ್ಲೇ ಇರುತ್ತದೆ.

ನಾನು ಚಿತ್ರದುರ್ಗ ಜಿಲ್ಲೆಯವನು. ಪಾಠ ಹೇಳುವುದು ಬೆಂಗಳೂರಿನಲ್ಲಿ. ಪುಸ್ತಕದ ಉದಾಹರಣೆಗಳೆಲ್ಲ ಅಮೆರಿಕದವು, ಜಪಾನಿನವು. ಅವುಗಳನ್ನು ನೋಡಿದ ಮಕ್ಕಳಿಗೆ ಇದು ಹಣವಂತ ದೇಶಗಳ ಸಮಸ್ಯೆ ಅನ್ನಿಸುತ್ತದೆ. ಅದಕ್ಕೆಂದೇ ಕೆಲವು ವರ್ಷಗಳಿಂದ ನಾಲ್ಕನೇ ವರ್ಷದ ವಿದ್ಯಾರ್ಥಿಗಳನ್ನು ಕರೆದುಕೊಂಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರು ಸುತ್ತುತ್ತೇನೆ. ಸುಮಾರು ಒಂದು ವಾರದ ತಿರುಗಾಟ. ಅಳತೆ ಟೇಪು, ಬರೆಯಲು ಪುಸ್ತಕ ಇಷ್ಟಿದ್ದರೆ ಸಾಕು.

ಮೊದಲ ದಿನ ಕೋಟೆ. ಕಲ್ಲಿನ ಕೋಟೆ, ಏಳು ಸುತ್ತಿನ ಕೋಟೆ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಚಿತ್ರದುರ್ಗದ ಕೋಟೆ. ವಿದ್ಯಾರ್ಥಿಗಳಿಗೆ ಕೊಡುವ ಕೆಲಸ ಇಷ್ಟು: ಮೇಸ್ ಹೇಳಿದ ಏಳು ಸೂತ್ರಗಳಲ್ಲಿ ಪ್ರತಿಯೊಂದನ್ನೂ ತಲೆಕೆಳಗು ಮಾಡಿ, ಅದು ಈ ಕೋಟೆಯಲ್ಲಿ ಎಲ್ಲಿದೆ ಎಂದು ಹುಡುಕಬೇಕು.

ಮೊದಲು ನಗುತ್ತಾರೆ. ಆಮೇಲೆ ಬಾಗಿಲುಗಳನ್ನು ನೋಡುತ್ತಾ ಹೋದಂತೆ ಒಂದೊಂದಾಗಿ ಸಿಕ್ಕುತ್ತವೆ. ಮೊದಲ ಸೂತ್ರ, ಎಲ್ಲರಿಗೂ ಸಮಾನ ಬಳಕೆ. ಕೋಟೆಯ ಉದ್ದೇಶವೇ ನಮ್ಮವರು ಬೇರೆ, ಹೊರಗಿನವರು ಬೇರೆ ಎಂದು ವಿಂಗಡಿಸುವುದು. ಎರಡನೆಯದು, ಬಳಕೆಯಲ್ಲಿ ಆಯ್ಕೆಯಿರಬೇಕು. ಇಲ್ಲಿ ಬಂದವರು ಒಂದೇ ದಾರಿಯಲ್ಲಿ, ಕಾವಲಿನವರು ಬಯಸಿದ ದಾರಿಯಲ್ಲಿ ಬರಬೇಕು. ಮೂರನೆಯದು, ನೋಡಿದೊಡನೆ ತಿಳಿಯುವ ಸರಳತೆ. ಇಲ್ಲಿ ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ, ಮುಂದಿನ ಬಾಗಿಲು ಪಕ್ಕಕ್ಕೆ ತಿರುಗಿಕೊಂಡಿದೆ. ಆನೆಯಾಗಲಿ ಕುದುರೆಯಾಗಲಿ ನೇರವಾಗಿ ನುಗ್ಗಿ ಬರಬಾರದು. ನಾಲ್ಕನೆಯದು, ಕಣ್ಣಿಗೂ ಕಿವಿಗೂ ಕೈಗೂ ಸಿಗುವ ಮಾಹಿತಿ. ಇಲ್ಲಿ ಕಳ್ಳದಾರಿಗಳಿವೆ, ಮಾಹಿತಿ ಕೊಡದಿರುವುದೇ ಜಾಣತನ. ಐದನೆಯದು, ಬಳಸುವವರ ತಪ್ಪನ್ನು ತಾಳಿಕೊಳ್ಳುವ ಗುಣ. ಇಲ್ಲಿ ಒಂದು ಹೆಜ್ಜೆ ತಪ್ಪಿದರೆ ಪ್ರಾಣ ಹೋಗುತ್ತದೆ. ಆರನೆಯದು, ಕಡಿಮೆ ಶ್ರಮ. ಬಂಡೆಯ ಮೇಲೆ ಕಾಲ್ಬೆರಳು ಊರುವಷ್ಟೇ ಕೊರೆದ ಗುಳಿಗಳನ್ನು ನೋಡಿದರೆ ಸಾಕು. ಏಳನೆಯದು, ಹತ್ತಿರ ಬರಲು, ತಿರುಗಲು ಬೇಕಾದಷ್ಟು ಜಾಗ. ಇದರ ವಿರುದ್ಧ ರೂಪವನ್ನು ತೋರಿಸುವ ಅಗತ್ಯವೇ ಇಲ್ಲ. ಮಕ್ಕಳು ತಾವೇ ಓಬವ್ವನ ಕಿಂಡಿಯ ಮುಂದೆ ಹೋಗಿ ನಿಂತಿರುತ್ತಾರೆ. ಒಬ್ಬೊಬ್ಬರಾಗಿ ನುಸುಳಬೇಕಾದ ಆ ಸಂದಿಯಲ್ಲಿ ಹೈದರಾಲಿಯ ಸೈನಿಕರಿಗೆ ಏನಾಯಿತೆಂಬ ಕಥೆ ಕರ್ನಾಟಕದ ಎಲ್ಲ ಮಕ್ಕಳಿಗೂ ಗೊತ್ತು.

ಏಳಕ್ಕೆ ಏಳೂ ಸಿಕ್ಕಿದವು. ಆದರೆ ಕೋಟೆಯನ್ನು ದೂರಿ ಪ್ರಯೋಜನವಿಲ್ಲ. ಅದು ಪಾಳೆಯಗಾರರ ಕಾಲದ್ದು, ಶತ್ರುವನ್ನು ತಡೆಯಲೆಂದೇ ಕಟ್ಟಿದ್ದು, ತನ್ನ ಕೆಲಸವನ್ನು ಅದ್ಭುತವಾಗಿ ಮಾಡಿದ್ದು. ಹೈದರಾಲಿಯಂಥವನಿಗೂ ಅದು ಪೂರ್ತಿ ಕೈವಶವಾದದ್ದು 1779ರಲ್ಲಿ, ಮತ್ತೆ ಮತ್ತೆ ಮುತ್ತಿಗೆ ಹಾಕಿದ ಮೇಲೆ. ವಿನ್ಯಾಸಕ್ಕೆ ಮನುಷ್ಯನನ್ನು ತಡೆಯುವ ಶಕ್ತಿ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇಕಿಲ್ಲ.

ಅದೇ ಬೆಟ್ಟದಲ್ಲಿ ಇನ್ನೊಂದು ಪಾಠವೂ ಇದೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಬರುತ್ತದೆ, ಅಲ್ಲಿಂದ ಕೆಳಗಿಳಿದು ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆ ಹರಿಯುತ್ತದೆ. ಮನುಷ್ಯರನ್ನು ತಡೆಯಲು ಮೆಟ್ಟಿಲು ಕೊರೆದವರಿಗೆ ನೀರನ್ನು ಕರೆದೊಯ್ಯಲು ಇಳಿಜಾರಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. 'ಹಾಗಾದರೆ ರ‍್ಯಾಂಪು ವಿದೇಶದಿಂದ ಬಂದದ್ದಲ್ಲ' ಎಂದು ಒಬ್ಬ ಹುಡುಗ ಹೇಳಿದ. ಸರಿಯಾದ ಮಾತು.

ಮಾರನೆಯ ದಿನದಿಂದ ಊರಿನ ಕಟ್ಟಡಗಳು. ನಾಲ್ಕು ಊರುಗಳಲ್ಲಿ ಒಂದರ ಸರ್ಕಾರಿ ಕಚೇರಿಗೆ ಹೋದೆವು. ಯಾವ ಊರು, ಯಾವ ಕಚೇರಿ ಎಂಬುದು ಬೇಡ. ನಾಡಿನ ನೂರಾರು ಕಚೇರಿಗಳು ಹಾಗೆಯೇ ಇವೆ. ನೆಲದಿಂದ ಮೂರು ಅಡಿ ಎತ್ತರದ ಅಡಿಪಾಯ, ಹಿಡಿಕಂಬಿಯಿಲ್ಲದ ಆರು ಮೆಟ್ಟಿಲು, ಪಕ್ಕದಲ್ಲಿ ಸುಮಾರು ಎಂಟು ಅಡಿ ಉದ್ದದ ಒಂದು ರ‍್ಯಾಂಪು. ಅದರ ತುದಿಯಲ್ಲಿ ಯಾರದೋ ಬೈಕು ನಿಂತಿತ್ತು. ಪಿಂಚಣಿಯ ಅರ್ಜಿ ಕೊಡುವ ಕಿಟಕಿ ಕುಳಿತವರ ಕೈಗೆ ಎಟುಕದಷ್ಟು ಎತ್ತರದಲ್ಲಿತ್ತು. ಯಾವ ಕೋಣೆಯಲ್ಲಿ ಯಾವ ಕೆಲಸವೆಂದು ತಿಳಿಯಲು ಬಾಗಿಲ ಬಳಿ ನಿಂತವರನ್ನೇ ಕೇಳಬೇಕು. ವಿದ್ಯಾರ್ಥಿಗಳು ಹಿಂದಿನ ದಿನದ ಪಟ್ಟಿ ತೆಗೆದು ಗುರುತು ಹಾಕತೊಡಗಿದರು. ಸುಳಿವಿಲ್ಲದ ದಾರಿ, ಬಚ್ಚಿಟ್ಟ ಮಾಹಿತಿ, ಎಡವಿದರೆ ಹಿಡಿಯಲು ಏನೂ ಇಲ್ಲ, ಇಕ್ಕಟ್ಟಾದ ಕಿಂಡಿ. ಏಳರಲ್ಲಿ ಆರು ಹೊಂದಿಕೊಂಡವು. ಒಬ್ಬಳು ಹುಡುಗಿ ಕೇಳಿದಳು: 'ಕೋಟೆ ಶತ್ರುಗಳಿಗೆ ಕಟ್ಟಿದ್ದು ಸಾರ್. ಇದು ಯಾರಿಗೆ?'

ಅಲ್ಲಿನ ಒಬ್ಬ ಅಧಿಕಾರಿ ಸಜ್ಜನರು. ನಮ್ಮ ಕೆಲಸವನ್ನು ಕುತೂಹಲದಿಂದ ನೋಡಿ, 'ಎಲ್ಲ ಸರಿ ಮೇಷ್ಟ್ರೇ, ಆದರೆ ಇಲ್ಲಿಗೆ ಅಂಥವರು ಬರೋದೇ ಇಲ್ಲ. ಮನೆಯವರು ಯಾರಾದರೂ ಬಂದು ಕೆಲಸ ಮಾಡಿಸ್ಕೊಂಡು ಹೋಗ್ತಾರೆ' ಎಂದರು. ಅವರು ಸುಳ್ಳು ಹೇಳಲಿಲ್ಲ. ನಾವು ಅಲ್ಲಿದ್ದ ಮೂರು ಗಂಟೆಯಲ್ಲಿ ಗಾಲಿಕುರ್ಚಿಯವರು ಒಬ್ಬರೂ ಬರಲಿಲ್ಲ. ಬರಲಾಗದಂತೆ ಕಟ್ಟಿ, ಬರುವುದಿಲ್ಲವಲ್ಲ ಎಂದು ಅದನ್ನೇ ಕಾರಣವಾಗಿ ತೋರಿಸುವ ಈ ಚಕ್ರವನ್ನು ಬಿಡಿಸುವುದೇ ನನ್ನ ಪಾಠದ ತಿರುಳು.

ಅವತ್ತು ಸಂಜೆ ಆ ರ‍್ಯಾಂಪಿನ ಲೆಕ್ಕ ಹಾಕಿಸಿದೆ. ರ‍್ಯಾಂಪಿನ ಇಳಿಜಾರು ಹೆಚ್ಚೆಂದರೆ ಹನ್ನೆರಡಕ್ಕೆ ಒಂದು ಇರಬೇಕು. ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮೂರು ಅಡಿಗೆ ಮೂವತ್ತಾರು ಅಡಿ, ನಡುವೆ ಸುಧಾರಿಸಿಕೊಳ್ಳಲು ಐದು ಅಡಿಯ ಸಮತಟ್ಟು. ಅಷ್ಟು ಜಾಗ ಅಲ್ಲಿಲ್ಲ. ಎಂಟು ಅಡಿಯಲ್ಲಿ ಮೂರು ಅಡಿ ಏರುವ ರ‍್ಯಾಂಪಿನಲ್ಲಿ ಗಾಲಿಕುರ್ಚಿ ತಳ್ಳುವುದು ಹಾಗಿರಲಿ, ಇಳಿಯುವಾಗ ಹಿಡಿದು ನಿಲ್ಲಿಸುವುದೂ ಕಷ್ಟ. 'ಜಾಗ ಇಲ್ಲ, ಏನು ಮಾಡೋದು?' ಎಂದರು ಮಕ್ಕಳು. ನಾನು ಕೇಳಿದ್ದು: 'ಮೂರು ಅಡಿ ಎತ್ತರ ಯಾಕೆ ಬೇಕಿತ್ತು?' ಮಲೆನಾಡಾಗಿದ್ದರೆ ಮಳೆ ನೀರಿನ ಭಯ ಎನ್ನಬಹುದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ನೀರು ಹರಿದುಹೋಗಲು ಚರಂಡಿ ಸರಿಯಿದ್ದರೆ ಅರ್ಧ ಅಡಿ ಸಾಕಾಗುವ ಕಡೆ ಮೂರು ಅಡಿ ಎತ್ತಿದ್ದು ಗತ್ತಿಗೆ. ಕಚೇರಿ ಎಂದರೆ ಜನ ಮೇಲೆ ನೋಡಬೇಕು ಎಂಬ ಭಾವನೆಗೆ. ಅರ್ಧ ಅಡಿಯಾಗಿದ್ದರೆ ಆರು ಅಡಿ ಉದ್ದದ ಇಳಿಜಾರು ಮುಂಬಾಗಿಲಿನಲ್ಲೇ ಸರಿಹೋಗುತ್ತಿತ್ತು. ಮೆಟ್ಟಿಲೂ ಬೇಡ, ಪ್ರತ್ಯೇಕ ರ‍್ಯಾಂಪೂ ಬೇಡ. ಖರ್ಚೂ ಕಡಿಮೆ. ರ‍್ಯಾಂಪ್ ಹಾಕುವುದು ಬೇರೆ, ರ‍್ಯಾಂಪೇ ಬೇಡವಾಗುವಂತೆ ಯೋಚಿಸುವುದು ಬೇರೆ ಎಂಬ ವ್ಯತ್ಯಾಸ ಅಂದು ಅವರಿಗೆ ಗೊತ್ತಾಯಿತು.

ಅಲ್ಲಿಂದ ಹಿರಿಯೂರು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು ನೋಡದೆ ಹಿರಿಯೂರು ನೋಡಿದಂತಾಗುವುದಿಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರಲ್ಲಿ. ಜನ ಜಾತ್ರೆಯಂತೆ ನೆರೆದಿದ್ದರು. ಕಟ್ಟಡದ ಪಾಠಕ್ಕೂ ಈ ನೀರಿಗೂ ಏನು ಸಂಬಂಧ ಎಂದರೆ, ಇದೆ.

ನಮ್ಮ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕೂರುತ್ತದೆ. ಇನ್ನೂ ಹೆಚ್ಚಾದರೆ ದೊಡ್ಡವರ ಕೀಲುಗಳು, ಬೆನ್ನು, ಕತ್ತು ಬಿಗಿಯುತ್ತವೆ. ನಲವತ್ತು ಐವತ್ತಕ್ಕೆಲ್ಲ ಬಾಗಿದ ಬೆನ್ನು, ಮಡಿಸಲಾಗದ ಮೊಣಕಾಲು. ಇವರಲ್ಲಿ ಬಹಳ ಮಂದಿ ಅಂಗವಿಕಲರ ಪಟ್ಟಿಯಲ್ಲಿಲ್ಲ. ಅವರ ಕೈಯಲ್ಲಿ ಪ್ರಮಾಣಪತ್ರವಿಲ್ಲ, ಗಾಲಿಕುರ್ಚಿಯಿಲ್ಲ. ಅವರ ಪ್ರಕಾರ ಅದು 'ಮಂಡಿನೋವು' ಅಷ್ಟೆ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು, ಅಂದರೆ ನೂರಕ್ಕೆ 2.21 ಮಂದಿಯನ್ನು ಲೆಕ್ಕ ಹಾಕಿತು. ಆ ಲೆಕ್ಕದ ಹೊರಗೆ ಉಳಿದ ಇಂಥ ಮೊಣಕಾಲುಗಳು ಎಷ್ಟೋ. ಬೋರಿನ ನೀರನ್ನೇ ನಂಬಿದ ಹಳ್ಳಿಗೆ ಒಳ್ಳೆಯ ನೀರು ಕೊಳಾಯಿಯಲ್ಲಿ ಬಂದರೆ ಅದಕ್ಕಿಂತ ದೊಡ್ಡ ಸಾರ್ವತ್ರಿಕ ವಿನ್ಯಾಸ ಇನ್ನೊಂದಿಲ್ಲ ಎಂದು ಅಣೆಕಟ್ಟೆಯ ಮೇಲೆ ನಿಂತು ಮಕ್ಕಳಿಗೆ ಹೇಳುತ್ತೇನೆ.

ನನ್ನ ತಾಯಿಯೂ ಅಂಥ ನೀರು ಕುಡಿದು ಬೆಳೆದವಳು. ಅರವತ್ತು ದಾಟುವ ಹೊತ್ತಿಗೆ ನೆಲದ ಮೇಲೆ ಕೂರುವುದು ಬಿಟ್ಟಳು. ಬಸ್ಸಿನ ಮೊದಲ ಮೆಟ್ಟಿಲು ಅವಳ ಪಾಲಿಗೆ ಗೋಡೆಯಾಯಿತು. ಆಮೇಲೆ ಮದುವೆಗಳನ್ನು ಬಿಟ್ಟಳು. ನಮ್ಮ ಕಡೆಯ ಕಲ್ಯಾಣ ಮಂಟಪಗಳನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಮುಹೂರ್ತ ಮೇಲೆ, ಊಟ ಕೆಳಗೆ ನೆಲಮಾಳಿಗೆಯಲ್ಲಿ, ಕೈತೊಳೆಯುವ ಜಾಗ ಒದ್ದೆ, ಕಮೋಡ್ ಇರುವ ಶೌಚಾಲಯ ವಧು-ವರರ ಕೋಣೆಯಲ್ಲಿ ಮಾತ್ರ. ಅಕ್ಕನ ಮಗಳ ಮದುವೆಗೂ ಅವಳು ಬರಲಿಲ್ಲ. 'ನಂಗೆ ಆ ಗದ್ದಲ ಆಗಲ್ಲ ಕಣಪ್ಪ, ಮನೇಲೇ ಇರ್ತೀನಿ' ಎಂದಳು. ಹಿಂದಿನ ಇಪ್ಪತ್ತು ವರ್ಷ ಊರಿನ ಎಲ್ಲ ಮದುವೆಗಳಲ್ಲಿ ಮೊದಲು ಹೋಗಿ ಕೊನೆಗೆ ಬರುತ್ತಿದ್ದವಳು. ಗದ್ದಲ ಅವಳಿಗೆ ಯಾವತ್ತೂ ಬೇಸರ ತಂದಿರಲಿಲ್ಲ. ಹಾಗೆ ಹೇಳುವುದು ಅವಳು ತನ್ನ ಮಾನ ಕಾಪಾಡಿಕೊಂಡ ರೀತಿ. ಇಳಿಸಿ ಹತ್ತಿಸಲು ಇಬ್ಬರು ಹುಡುಗರು ಹಿಡಿದುಕೊಳ್ಳುವುದು, ಊಟದ ನಡುವೆ ಶೌಚಕ್ಕೆಂದು ಯಾರನ್ನೋ ಬೇಡುವುದು ಅವಳಿಗೆ ಬೇಕಿರಲಿಲ್ಲ. ಇಂಥವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರು ದೂರು ಕೊಡುವುದಿಲ್ಲ, ಧರಣಿ ಕೂರುವುದಿಲ್ಲ. ಸುಮ್ಮನೆ ಮನೆಯಲ್ಲಿ ಉಳಿಯುತ್ತಾರೆ. ನಾವು ಅದನ್ನು ವಯಸ್ಸು ಎಂದುಕೊಳ್ಳುತ್ತೇವೆ.

ಈ ಮಾತನ್ನು ತರಗತಿಯಲ್ಲಿ ಹೇಳಿದಾಗ ಯಾವ ವಿದ್ಯಾರ್ಥಿಯೂ ಬರೆದುಕೊಳ್ಳುವುದಿಲ್ಲ. ಆದರೆ ಪ್ರತಿಯೊಬ್ಬರಿಗೂ ಯಾರೋ ಒಬ್ಬರು ನೆನಪಾಗುತ್ತಾರೆ. ಅಜ್ಜಿ, ದೊಡ್ಡಪ್ಪ, ಪಕ್ಕದ ಮನೆಯ ಹುಡುಗ. ಸಾರ್ವತ್ರಿಕ ವಿನ್ಯಾಸ ಅಲ್ಲಿಂದ ಶುರುವಾಗಬೇಕು.

ಹೊಸದುರ್ಗದ ಕಡೆಯ ತೆಂಗು ಅಡಿಕೆ ತೋಟಗಳ ಹಳ್ಳಿಗಳಲ್ಲಿ ನಾವು ಮನೆ ನೋಡುತ್ತೇವೆ. ಹಳೆಯ ಮನೆಗಳ ಮುಂದಿನ ಜಗಲಿಯ ಎತ್ತರ ಅಳೆದರೆ ಹೆಚ್ಚುಕಡಿಮೆ ಒಂದೂವರೆ ಅಡಿ ಬರುತ್ತದೆ. ಕೂತು ಏಳಲು ಸುಲಭವಾದ ಆಸನಕ್ಕೆ ಇವತ್ತಿನ ಮಾನದಂಡಗಳು ಹೇಳುವ ಎತ್ತರವೂ ಸುಮಾರು ಅಷ್ಟೇ. ದಾರಿಹೋಕ, ಮುದುಕ, ತಲೆಹೊರೆ ಇಳಿಸಿದ ಹೆಂಗಸು ಯಾರು ಬೇಕಾದರೂ ಕೇಳದೆ ಕೂರುವ ಜಾಗ ಅದು. ಹೊಸ ಮನೆಗಳಲ್ಲಿ ಜಗಲಿಯ ಜಾಗಕ್ಕೆ ಗ್ರಾನೈಟಿನ ನುಣುಪಾದ ಮೆಟ್ಟಿಲು ಬಂದಿದೆ. ಹಳೆಯದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಅದೇ ಹಳೆಯ ಮನೆಯ ಬಾಗಿಲಿಗೆ ತಲೆ ಬಗ್ಗಿಸಬೇಕು, ಹೊಸ್ತಿಲು ಅರ್ಧ ಅಡಿ ಎತ್ತರ, ಬಚ್ಚಲು ಹಿತ್ತಲಿನ ಕತ್ತಲೆಯಲ್ಲಿ. ಆ ಜಗಲಿಯ ಮೇಲೆ ಎಲ್ಲ ಜಾತಿಯವರಿಗೂ ಕೂರುವ ಸ್ವಾತಂತ್ರ್ಯವಿತ್ತೇ ಎಂದು ಮಕ್ಕಳು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ಜಗಲಿಯ ಅಳತೆಯಷ್ಟೇ ಅಲ್ಲ, ಅದರ ಮೇಲೆ ಯಾರು ಕೂರಬಹುದು ಎಂಬುದೂ ವಿನ್ಯಾಸದ ಮಾತೇ.

ಈ ಊರುಗಳಲ್ಲಿ ಮನೆ ಕಟ್ಟುವವರು ವಾಸ್ತುಶಿಲ್ಪಿಗಳಲ್ಲ, ಮೇಸ್ತ್ರಿಗಳು. ಆದ್ದರಿಂದ ಒಂದು ದಿನ ಮೇಸ್ತ್ರಿಯೊಬ್ಬರ ಜೊತೆ ಕಳೆಯುವುದು ಕಡ್ಡಾಯ. 'ಹೊಸ್ತಿಲು ತೆಗೆದರೆ ಯಜಮಾನ್ತಿ ಒಪ್ಪಲ್ಲ, ಅರಿಸಿನ ಕುಂಕುಮ ಹಚ್ಚೋದು ಎಲ್ಲಿಗೆ?' ಎಂದು ಒಬ್ಬರು ಕೇಳಿದರು. ವಿದ್ಯಾರ್ಥಿಗಳಿಗೆ ಉತ್ತರ ಹೊಳೆಯಲಿಲ್ಲ. ಅವರೇ ಮುಂದುವರಿದು, 'ಮರದ ಪಟ್ಟಿ ನೆಲಕ್ಕೆ ಇಳಿಸಿ ಅರ್ಧ ಇಂಚು ಬಿಟ್ಟರೆ ಸಾಕು, ಪೂಜೆನೂ ಆಯ್ತು, ಕಾಲೂ ತಾಗಲ್ಲ' ಎಂದರು. ಅಹಮದಾಬಾದಿನವರ 'ಸಾಂಸ್ಕೃತಿಕ' ಮತ್ತು 'ಸಸ್ತಾ' ಎಂಬ ಎರಡು ಸೂತ್ರಗಳನ್ನು ನಾನು ಅರ್ಧ ಗಂಟೆ ವಿವರಿಸಿದ್ದರೂ ಅಷ್ಟು ಚೆನ್ನಾಗಿ ಹೇಳಲಾಗುತ್ತಿರಲಿಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ ಮಕ್ಕಳಿಗೆ 'ಅನುಭವ' ಕೊಡಿಸುವ ಪದ್ಧತಿ ಬಹಳ ಕಾಲೇಜುಗಳಲ್ಲಿದೆ. ನಾನದನ್ನು ಮಾಡಿಸುವುದಿಲ್ಲ. ಕಣ್ಣು ಕಟ್ಟಿಕೊಂಡ ಹತ್ತು ನಿಮಿಷದಲ್ಲಿ ಸಿಗುವುದು ಭಯ ಮತ್ತು ಕರುಣೆ. ಹುಟ್ಟಿನಿಂದ ಕಣ್ಣು ಕಾಣದವರು ಊರನ್ನು ಸದ್ದಿನಿಂದ, ಪಾದದಿಂದ, ವಾಸನೆಯಿಂದ ಹೇಗೆ ಓದುತ್ತಾರೆ ಎಂಬುದು ಆ ಆಟದಲ್ಲಿ ತಿಳಿಯುವುದಿಲ್ಲ. ಅಮೆರಿಕದ ಬಾಸ್ಟನ್ನಿನ ಇಲೇನ್ ಆಸ್ಟ್ರಾಫ್ ಅವರು ವಿನ್ಯಾಸ ಕಾಲೇಜುಗಳಲ್ಲಿ ಈ ವಿಷಯವನ್ನು ಕಲಿಸುವ ದೊಡ್ಡ ಯೋಜನೆಯೊಂದನ್ನು 1989ರಲ್ಲಿ ಆರಂಭಿಸಿದರು. ಅಡಚಣೆಯನ್ನು ದಿನವೂ ಎದುರಿಸುವವರನ್ನು 'ಬಳಕೆದಾರ ಪರಿಣತರು' ಎಂದು ಕರೆದು ತರಗತಿಗೆ ತರಬೇಕೆಂಬುದು ಅವರ ಮಾತು. ರೋಗಿಯಾಗಿ ಅಲ್ಲ, ಕರುಣೆಗೆ ಪಾತ್ರರಾಗಿ ಅಲ್ಲ, ಮೇಷ್ಟ್ರಾಗಿ.

ನಮಗೆ ಅಂಥ ಮೇಷ್ಟ್ರೊಬ್ಬರು ಹೊಳಲ್ಕೆರೆಯಲ್ಲಿ ಸಿಕ್ಕಿದ್ದಾರೆ. ಚಿಕ್ಕಂದಿನಲ್ಲಿ ಪೋಲಿಯೋ ಆದವರು. ಒಂದು ಕಾಲದಲ್ಲಿ ಎಸ್.ಟಿ.ಡಿ. ಬೂತ್ ಇಟ್ಟುಕೊಂಡಿದ್ದರು, ಈಗ ಝೆರಾಕ್ಸ್ ಅಂಗಡಿ. ಮೂರು ಚಕ್ರದ ಸ್ಕೂಟರಿನಲ್ಲಿ ಊರೆಲ್ಲ ಓಡಾಡುತ್ತಾರೆ. ಪ್ರತಿ ವರ್ಷ ಒಂದು ಬೆಳಗ್ಗೆ ಅಂಗಡಿ ಮುಚ್ಚಿ ನಮ್ಮ ಜೊತೆ ಬರುತ್ತಾರೆ. ಅದರ ಸಂಭಾವನೆಯನ್ನು ಮೇಷ್ಟ್ರ ಸಂಭಾವನೆಯೆಂದೇ ಕೊಡುತ್ತೇವೆ. ಯಾವ ಅಂಗಡಿಯವನು ಕಟ್ಟೆ ಕಡಿದು ದಾರಿ ಮಾಡಿದ್ದಾನೆ, ಯಾವ ಬ್ಯಾಂಕಿನವರು ಕೂಗಿದರೆ ಹೊರಗೆ ಬಂದು ಸಹಿ ಹಾಕಿಸಿಕೊಳ್ಳುತ್ತಾರೆ, ಮತ ಹಾಕುವ ದಿನ ಯಾವ ಶಾಲೆಯ ಯಾವ ಬಾಗಿಲು ಒಳ್ಳೆಯದು ಎಂಬ ನಕ್ಷೆ ಅವರ ತಲೆಯಲ್ಲಿದೆ. ಒಬ್ಬ ವಿದ್ಯಾರ್ಥಿ, 'ಬ್ಯಾಂಕಿನವರು ಹೊರಗೇ ಬರ್ತಾರಲ್ಲ ಸಾರ್, ಒಳ್ಳೇದಲ್ವಾ?' ಎಂದ. ಅವರು ಹೇಳಿದ್ದು: 'ಒಳ್ಳೇ ಜನಾನೇ. ಆದ್ರೆ ನನ್ನ ಅಕೌಂಟಲ್ಲಿ ಎಷ್ಟಿದೆ ಅಂತ ರಸ್ತೇಲಿ ನಿಂತು ಮಾತಾಡಬೇಕಲ್ಲಪ್ಪ.' ಸಮಾನ ಬಳಕೆ ಎಂಬ ಮೊದಲ ಸೂತ್ರದಲ್ಲಿ ಗೌಪ್ಯತೆಯೂ ಸೇರಿದೆ ಎಂದು ಪುಸ್ತಕದಲ್ಲಿ ಒಂದು ಸಾಲಿದೆ. ಅದರ ಅರ್ಥ ರಸ್ತೆಯ ಮೇಲೆ ಆಯಿತು.

ಅವರಿಗೆ ಇಷ್ಟವಾದ ಜಾಗ ಯಾವುದೆಂದು ಮಕ್ಕಳು ಕೇಳಿದರು. ಅವರು ಬಯಲು ಗಣಪತಿಯ ಹೆಸರು ಹೇಳಿದರು. ಹದಿನೈದನೇ ಶತಮಾನದ ಆ ದೊಡ್ಡ ಗಣಪತಿಗೆ ಹೆಸರೇ ಬಯಲು. 'ಬಯಲಲ್ಲಿ ಕೂತೋನು, ದೂರದಿಂದಲೇ ಕಾಣ್ತಾನೆ' ಎಂದು ನಕ್ಕರು.

ಪೂಜಾಸ್ಥಳಗಳನ್ನೂ ನಾವು ಬಿಡುವುದಿಲ್ಲ. ದೇವಸ್ಥಾನ, ಮಠ, ಚರ್ಚು, ಮಸೀದಿ ಎಲ್ಲ ಕಡೆ ಅನುಮತಿ ಪಡೆದು ಅಳತೆ ತೆಗೆಯುತ್ತೇವೆ. ಒಂದು ಊರಿನ ಮಸೀದಿಯಲ್ಲಿ ಹಿಂದಿನ ಸಾಲಿನಲ್ಲಿ ಹತ್ತಾರು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಹದಿನೈದು ವರ್ಷದ ಹಿಂದೆ ಎರಡು ಮೂರು ಇದ್ದವಂತೆ. ಮೊಣಕಾಲಿನ ಲೆಕ್ಕ ಹೇಳಲು ಬೇರೆ ಜನಗಣತಿ ಬೇಕೆ? ವುಝೂ ಮಾಡುವ ಜಾಗದ ಕಟ್ಟೆಗಳು ತೀರಾ ತಗ್ಗು, ನೆಲ ನುಣುಪು, ನಲ್ಲಿಗಳು ತಿರುಪು ಹಾಕುವಂಥವು. ನಾಲ್ಕು ಕಟ್ಟೆಗಳನ್ನು ಎತ್ತರಿಸಿ, ಗೋಡೆಗೆ ಹಿಡಿಕಂಬಿ, ಒರಟು ನೆಲ, ಮೊಣಕೈಯಿಂದಲೂ ಒತ್ತಬಹುದಾದ ನಲ್ಲಿ ಎಂದು ವಿದ್ಯ­ಾರ್ಥಿಗಳು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಕಮಿಟಿಯ ಹಿರಿಯರೊಬ್ಬರು ಅದನ್ನು ನೋಡಿ, 'ಮದೀನಾದಲ್ಲಿ ಬಾಂಗ್ ಕೊಡುತ್ತಿದ್ದವರಲ್ಲಿ ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ನಮ್ಮ ಮಸೀದಿಗೆ ಅವರು ಬಂದಿದ್ದರೆ ಈ ಮೆಟ್ಟಿಲಲ್ಲೇ ಬೀಳುತ್ತಿದ್ದರು' ಎಂದರು. ಮುಂದಿನ ವರ್ಷ ಹೋದಾಗ ಹಿಡಿಕಂಬಿ ಬಂದಿತ್ತು, ಎರಡು ಕಟ್ಟೆ ಎತ್ತರವಾಗಿತ್ತು. ಕಂಬಿ ಬಂದ ಮೇಲೆ ಅದನ್ನು ಹಿಡಿಯುತ್ತಿದ್ದವರು ವಯಸ್ಸಾದವರು ಮಾತ್ರವಲ್ಲ, ಒದ್ದೆ ಪಾದದ ಹುಡುಗರೂ ಹಿಡಿಯುತ್ತಿದ್ದರು.

ನಮ್ಮ ಗುಂಪಿನ ಹುಡುಗಿಯೊಬ್ಬಳು ಎಲ್ಲ ಕಟ್ಟಡಗಳಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಕಚೇರಿ, ಸಂತೆ, ದೇವಸ್ಥಾನ, ಮಸೀದಿ, ಎಲ್ಲ ಕಡೆ 'ಹೆಂಗಸರಿಗೆ ಜಾಗ ಎಲ್ಲಿ? ಶೌಚಾಲಯ ಎಲ್ಲಿ?' ಎಂದು. ಬಹಳ ಕಡೆ ಉತ್ತರವಾಗಿ ಸಿಕ್ಕಿದ್ದು ಅದೇ ಹಳೆಯ ಮಾತು: 'ಇಲ್ಲಿಗೆ ಹೆಂಗಸರು ಹೆಚ್ಚು ಬರಲ್ಲ.'

ಹೊಳಲ್ಕೆರೆ ತಾಲೂಕಿನ ಚಿಕ್ಕಜಾಜೂರಿನಿಂದ ರೈಲು ಹಿಡಿದು ಬೆಂಗಳೂರಿಗೆ ಮರಳುವಾಗ ಒಂದು ಕಥೆ ಹೇಳುತ್ತೇನೆ. ಇಪ್ಪತ್ತನೇ ಶತಮಾನದ ದೊಡ್ಡ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಕಟ್ಟಡಗಳ ಅಳತೆಗೆಂದು 'ಮಾಡ್ಯುಲರ್' ಎಂಬ ಆದರ್ಶ ಮನುಷ್ಯನನ್ನು ರೂಪಿಸಿದರು. ಮೊದಲು ಅವನ ಎತ್ತರ 1.75 ಮೀಟರ್ ಇತ್ತು. ಆಮೇಲೆ 1.83 ಮೀಟರಿಗೆ ಏರಿತು. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಚೆನ್ನಾಗಿರುವ ಗಂಡಸರು ಯಾವಾಗಲೂ ಆರು ಅಡಿ ಇರುತ್ತಾರೆ ಎಂಬುದು ಅದಕ್ಕೆ ಕೊಟ್ಟ ಒಂದು ಕಾರಣ. ನಮ್ಮ ಚಂಡೀಗಢದಲ್ಲೂ ಕಾರ್ಬೂಸಿಯೇ ಅದೇ ಅಳತೆ ಬಳಸಿದರು. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಐದು ಅಡಿಯ ಆಸುಪಾಸು. ಹಾಗಾಗಿ ಕಲ್ಪನೆಯ ಮನುಷ್ಯ ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ. ಆ ಕಲ್ಪನೆ ಸಿಮೆಂಟಿಗೆ ಇಳಿದರೆ ಐವತ್ತು ವರ್ಷ ಅಲುಗುವುದಿಲ್ಲ.

ಕಾನೂನು ಬಿಗಿಯಾಗುತ್ತಿರುವುದು ಸಮಾಧಾನದ ಸಂಗತಿ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯದ ಕನಿಷ್ಠ ನಿಯಮಗಳನ್ನು ಬೇರೆಯಾಗಿ ರೂಪಿಸಬೇಕೆಂದು ಹೇಳಿ ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಕಡ್ಡಾಯವಾಗಲೇಬೇಕು. ಆದರೆ ಕಡ್ಡಾಯದ ಭಯಕ್ಕೆ ಮಾತ್ರ ಎಳೆದ ಗೆರೆ ಮತ್ತೆ ಕಟ್ಟಡದ ಹಿಂಬದಿಗೇ ಹೋಗುತ್ತದೆ. ಕಾನೂನು ರ‍್ಯಾಂಪಿನ ಇಳಿಜಾರನ್ನು ಹೇಳಬಲ್ಲದು. ಅದು ಮುಂಬಾಗಿಲಿನಲ್ಲಿರಬೇಕು ಎಂಬ ಬುದ್ಧಿಯನ್ನು ಕಟ್ಟುವವರೂ ಕಟ್ಟಿಸುವವರೂ ತಂದುಕೊಳ್ಳಬೇಕು.

ಕಟ್ಟಿಸುವವರು ಎಂದರೆ ನಾವೇ. ಈ ಲೇಖನ ಓದುವವರಲ್ಲಿ ಮನೆ ಕಟ್ಟಿಸುವವರಿದ್ದೀರಿ, ಶಾಲೆಯ, ಮಸೀದಿಯ, ದೇವಸ್ಥಾನದ, ಸಮುದಾಯ ಭವನದ ಕಮಿಟಿಗಳಲ್ಲಿ ಇರುವವರಿದ್ದೀರಿ. ಮುಂದಿನ ಸಭೆಯಲ್ಲಿ ಬಣ್ಣದ, ಗೋಪುರದ, ಮಿನಾರಿನ ಮಾತಿಗೆ ಮುಂಚೆ ಒಂದು ಪಟ್ಟಿ ಮಾಡಿ. ಮೊದಲು ಬರುತ್ತಿದ್ದು ಈಗ ಬರದವರು ಯಾರು ಯಾರು? ಅವರ ಮನೆಗೆ ಹೋಗಿ ಯಾಕೆ ಬರುತ್ತಿಲ್ಲ ಎಂದು ಕೇಳಿ. 'ವಯಸ್ಸಾಯ್ತು' ಎಂಬ ಮೊದಲ ಉತ್ತರಕ್ಕೆ ಎದ್ದು ಬರಬೇಡಿ. ಸ್ವಲ್ಪ ಹೊತ್ತು ಕೂತರೆ ಮೆಟ್ಟಿಲ ಮಾತು ಬರುತ್ತದೆ, ಶೌಚಾಲಯದ ಮಾತು ಬರುತ್ತದೆ, ಕತ್ತಲ ಓಣಿಯ ಮಾತು ಬರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಈಗ ಸೆಮಿಸ್ಟರಿನ ಮೊದಲ ದಿನ ಕೊಡುವ ಕೆಲಸವೂ ಇದೇ. ಆ ಪಟ್ಟಿ ತಂದ ಮೇಲೆಯೇ ನಕ್ಷೆಗೆ ಪೆನ್ಸಿಲ್.